ಫೌಜಿಗೆ ಮನಸ್ಸು ಗಟ್ಟಿ ಅಂತ ಹೇಳಿದವರು ಯಾರು?

ಸಿಗರೇಟು ಬಿಡಬೇಕು ಅಂತ ಒಬ್ಬ ಮಾಜಿ ಸೈನಿಕ ಬಾಯಿಬಿಟ್ಟರೆ ಸಾಕು, ಕೇಳಿದವರೆಲ್ಲ ಒಂದೇ ಮಾತು ಹೇಳುತ್ತಾರೆ. "ನೀವು ಮಿಲಿಟರಿಯವರಲ್ವಾ? ಮನಸ್ಸು ಗಟ್ಟಿ ಮಾಡಿದರೆ ಆಯ್ತು." ಹೆಂಡತಿಯ ತವರಿನವರು ಹೇಳಿದರು. ಬದಿಯಡ್ಕ ಪೇಟೆಯಲ್ಲಿ ಸಿಕ್ಕವರು ಹೇಳಿದರು. ಕುತ್ತಿಗೆಗೆ ಸ್ಟೆತಾಸ್ಕೋಪ್ ಹಾಕಿಕೊಂಡ ಡಾಕ್ಟರೊಬ್ಬರು, ತಲೆ ಕೂಡ ಎತ್ತದೆ ಚೀಟಿ ಬರೆಯುತ್ತಾ ಅದನ್ನೇ ಹೇಳಿದರು. ಕೆಮ್ಮಿಗೆ ಔಷಧಿ ಕೊಟ್ಟರು, ಸಿಗರೇಟಿಗೆ ಈ ಮಾತು ಕೊಟ್ಟರು.

ಇಪ್ಪತ್ತು ಚಿಲ್ಲರೆ ವರ್ಷ ಸೇನೆಯಲ್ಲಿದ್ದೆ. ನನ್ನ ಮನಸ್ಸನ್ನು ನಂಬಿ ಅಲ್ಲಿ ಯಾರೂ ಏನನ್ನೂ ಮಾಡಿಸಿಲ್ಲ. ನಸುಕಿಗೆ ಏಳುತ್ತಿದ್ದದ್ದು ಮನೋಬಲದಿಂದಲ್ಲ. ಸೀಟಿ ಊದುತ್ತಿದ್ದರು, ಏಳುತ್ತಿದ್ದೆವು. ಓಡುವುದು, ಗಡ್ಡ ಬೋಳಿಸುವುದು, ಗಾಡಿಯ ಎಣ್ಣೆ ನೋಡುವುದು, ಎಲ್ಲಕ್ಕೂ ಹೊತ್ತು ಇತ್ತು, ಆರ್ಡರು ಇತ್ತು, ಪಕ್ಕದಲ್ಲಿ ಅದನ್ನೇ ಮಾಡುವ ಇನ್ನೊಬ್ಬ ಇದ್ದ. ಆ ಮೂರನ್ನೂ ತೆಗೆದುಬಿಟ್ಟರೆ ನಾವೂ ಎಲ್ಲರ ಹಾಗೇ. ಮನೆಗೆ ಬಂದ ಮೇಲೆ ಎಂಟು ಗಂಟೆಯವರೆಗೆ ಮಲಗುವ ಹವಾಲ್ದಾರರನ್ನು ನಾನೇ ನೋಡಿದ್ದೇನೆ.

ನಾನು ಸಿಗರೇಟು ಹೇಗೆ ಬಿಟ್ಟದ್ದು ಅಂತ ಫೋನ್ ಮಾಡಿ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಪ್ರತಿಯೊಬ್ಬರಿಗೂ ಮೊದಲಿಂದ ಹೇಳುವುದಕ್ಕಿಂತ ಒಂದು ಸಲ ಬರೆದರೆ ಒಳ್ಳೇದು ಅನ್ನಿಸಿತು.

ನಾನು ಹೊಗೆಸೊಪ್ಪಿನ ದುಡ್ಡಲ್ಲೇ ಬೆಳೆದವನು. ಅಮ್ಮ ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಬೀಡಿ ಎಲೆ. ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಎಲೆ ಕತ್ತರಿಸುವುದು, ಚಿಟಿಕೆ ಪುಡಿ ಉದುರಿಸಿ ಸುತ್ತುವುದು, ತುದಿ ಮಡಚುವುದು, ನೂಲು ಬಿಗಿಯುವುದು. ಮಾತಾಡುತ್ತಲೇ ಇರುತ್ತಿದ್ದಳು, ಕೈ ನಿಲ್ಲುತ್ತಿರಲಿಲ್ಲ. ಶಾಲೆಯ ಪುಸ್ತಕ, ಯೂನಿಫಾರ್ಮು ಎಲ್ಲ ಬೀಡಿ ಬ್ರಾಂಚಿನ ಮಜೂರಿಯಿಂದಲೇ. ಕಾಸರಗೋಡಿನಲ್ಲಿ ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 1966ರ ಬೀಡಿ ಕಾರ್ಮಿಕರ ಕಾಯ್ದೆ ಕೇರಳದಲ್ಲಿ ಜಾರಿಗೆ ಬಂದಾಗ ಮಂಗಳೂರು ಕಡೆಯ ಕಂಪನಿ ಕೇರಳದ ಕೆಲಸ ನಿಲ್ಲಿಸಿ ಸಾವಿರಾರು ಜನ ಬೀದಿಗೆ ಬಿದ್ದರು. ಆಮೇಲೆ 1969ರಲ್ಲಿ ಕಣ್ಣೂರಿನಲ್ಲಿ ಕಾರ್ಮಿಕರೇ ಸೇರಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿಕೊಂಡರು. ಅತ್ತ ಪಳ್ಳಿಕ್ಕರೆ, ಅಜಾನೂರು ಕಡೆ ಸಮುದ್ರದ ಬದಿಯ ಹೊಯಿಗೆ ನೆಲದಲ್ಲಿ ಹೊಗೆಸೊಪ್ಪೇ ಬೆಳೆಯುತ್ತಿದ್ದರು. ಹಾಗಾಗಿ ನಮ್ಮಲ್ಲಿ ಹೊಗೆಸೊಪ್ಪು ಅಂದರೆ ಪಾಪ ಅನ್ನುವ ಭಾವನೆ ಇರಲೇ ಇಲ್ಲ. ಅದು ಅನ್ನ. ಅಜ್ಜಿ ಎಲೆ ಅಡಿಕೆಗೆ ಹಾಕಿಕೊಳ್ಳುತ್ತಿದ್ದಳು, ಅಪ್ಪ ಸೇದುತ್ತಿದ್ದ. ನಾನು ಮಾತ್ರ ಮನೆಯಲ್ಲಿ ಇದ್ದಷ್ಟು ದಿನ ಮುಟ್ಟಿರಲಿಲ್ಲ.

ಕಲಿತದ್ದು ಎಎಸ್‌ಸಿಯಲ್ಲಿ, ಅಂದರೆ ಆರ್ಮಿ ಸರ್ವಿಸ್ ಕೋರ್‌ನಲ್ಲಿ. ಬೆಂಗಳೂರಿನಲ್ಲಿ ಟ್ರೈನಿಂಗ್ ಮುಗಿಸಿ ಡ್ರೈವರ್ ಆಗಿ ಕಾಶ್ಮೀರಕ್ಕೆ ಹೋದೆ. ಗಾಡಿಯಲ್ಲಿ ಸೀಮೆಎಣ್ಣೆ, ಡೀಸೆಲ್, ಒಮ್ಮೊಮ್ಮೆ ಮದ್ದುಗುಂಡು. ಹಾಗಾಗಿ ಓಡಿಸುವಾಗ ಸಿಗರೇಟಿನ ಮಾತೇ ಇಲ್ಲ. ಹಾಲ್ಟ್ ಬಂದಾಗ ಮಾತ್ರ. ಕಾನ್ವಾಯ್ ಸಾಲಾಗಿ ನಿಲ್ಲುತ್ತದೆ, ಎಲ್ಲರೂ ಇಳಿದು ಗಾಡಿಗಳಿಂದ ದೂರ ಹೋಗುತ್ತಾರೆ, ಚಹಾ ಬರುತ್ತದೆ, ಸಿಗರೇಟು ಹೊತ್ತುತ್ತದೆ. ಸೇದದವನಿಗೆ ಅಲ್ಲಿ ನಿಲ್ಲಲು ಜಾಗ ಇರಲಿಲ್ಲ ಅಂತಲ್ಲ, ಆದರೆ ಅವನು ಆ ಸುತ್ತಿನ ಹೊರಗೆ. ಮನೆಯ ಸುದ್ದಿ, ರಜೆಯ ಸುದ್ದಿ, ಯಾವ ಸಾಹೇಬರು ಹೇಗೆ ಎನ್ನುವ ಸುದ್ದಿ, ಎಲ್ಲ ಆ ಹತ್ತು ನಿಮಿಷದಲ್ಲೇ. ನಮ್ಮ ಸೆಕ್ಷನ್ನಿನ ಬಿಹಾರದ ಹುಡುಗ ಎಡ ಅಂಗೈಯಲ್ಲಿ ಖೈನಿ ಹೊಗೆಸೊಪ್ಪು, ಸುಣ್ಣ ಹಾಕಿ ಬಲ ಹೆಬ್ಬೆರಳಲ್ಲಿ ತಿಕ್ಕಿ, ತಟ್ಟಿ, ಧೂಳು ಹಾರಿಸಿ ಕೈ ಚಾಚುತ್ತಿದ್ದ. ಭಾಷೆ ಬಾರದವರೂ ಆ ಅಂಗೈಯಿಂದ ಒಂದು ಚಿಟಿಕೆ ತೆಗೆದರೆ ಗೆಳೆಯರೇ.

1999ರ ಬೇಸಿಗೆಯಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ನಾವು ಶ್ರೀನಗರ-ಲೇಹ್ ರಸ್ತೆಯಲ್ಲಿದ್ದೆವು. ದ್ರಾಸ್ ಹತ್ತಿರ ರಸ್ತೆ ಪೂರ್ತಿ ಮೇಲಿನ ಶಿಖರಗಳಲ್ಲಿ ಕೂತವರ ಕಣ್ಣಳತೆಯಲ್ಲಿತ್ತು. ಅದಕ್ಕೇ ರಾತ್ರಿ ಓಡಿಸುವುದು, ಅದೂ ಹೆಡ್‌ಲೈಟ್ ಆರಿಸಿ. ಜೋಜಿಲಾ ಕಣಿವೆ ದಾಟುವಾಗಲೇ ಹನ್ನೊಂದೂವರೆ ಸಾವಿರ ಅಡಿ, ಉಸಿರು ಸಾಲುವುದಿಲ್ಲ. ಇಳಿದು ನಿಂತಾಗ ಸಿಗರೇಟಿನ ಕೆಂಪು ತುದಿ ಕೂಡ ಕಾಣಬಾರದು. ಬೆಂಕಿ ಅಂಗೈಯ ಒಳಗೆ, ಬೆರಳು ಸುತ್ತ ಮುಚ್ಚಿ, ತಲೆ ಬಗ್ಗಿಸಿ ಸೇದುತ್ತಿದ್ದೆವು. ನಾನು ಊರಲ್ಲಿ, ಹಾಡಹಗಲಲ್ಲಿ, ನಮ್ಮದೇ ಅಡಿಕೆ ತೋಟದಲ್ಲಿ ನಿಂತು ಹಾಗೇ ಸೇದುತ್ತಿದ್ದೆ. "ಯಾರಿಗೆ ಅಡಗಿಸುವುದು? ನನಗೆ ಗೊತ್ತುಂಟಲ್ಲ" ಅಂತ ಹೆಂಡತಿ ನಗುತ್ತಿದ್ದಳು. ಅಡಗಿಸುವುದಲ್ಲ ಮಾರಾಯ್ತಿ, ಕೈ ಅದನ್ನೇ ಕಲಿತದ್ದು.

ತಮಾಷೆ ನೋಡಿ, ಅದೇ ವರ್ಷ, ಅದೇ ಜುಲೈ ತಿಂಗಳಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅಂತ ತೀರ್ಪು ಕೊಟ್ಟಿತ್ತು. ಇಡೀ ದೇಶಕ್ಕೆ ಆ ನಿಯಮ ಬಿಗಿಯಾಗಿ ಬಂದದ್ದು 2008ರ ಅಕ್ಟೋಬರ್ 2ಕ್ಕೆ. ನಾನು ರಜೆಯಲ್ಲಿ ಬಂದು ಕಾಸರಗೋಡು ಬಸ್ ಸ್ಟ್ಯಾಂಡಿನಲ್ಲಿ ಹೊತ್ತಿಸಲು ಹೋದರೆ ಪಕ್ಕದ ಅಂಗಡಿಯವನು ಕೈಸನ್ನೆ ಮಾಡಿ ಪೊಲೀಸರನ್ನು ತೋರಿಸಿದ. ಗಡಿಯಲ್ಲಿ ಶೆಲ್ ಬೀಳುವಲ್ಲಿ ಸೇದಿ ಬಂದವನಿಗೆ ಊರಲ್ಲಿ ದಂಡವಾ ಅಂತ ಆವತ್ತು ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಕೇರಳದಲ್ಲಿ ಸೇದುವವರು ಕಡಿಮೆ ಆದದ್ದಕ್ಕೆ ಅದೂ ಒಂದು ಕಾರಣ ಇರಬೇಕು. 2009-10ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕೇರಳದ ದೊಡ್ಡವರಲ್ಲಿ ನೂರಕ್ಕೆ 21.4 ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2016-17ಕ್ಕೆ ಅದು 12.7ಕ್ಕೆ ಇಳಿಯಿತು. ಆಗ ದೇಶದ ಲೆಕ್ಕ 28.6. ನಮ್ಮ ಮಾಜಿ ಸೈನಿಕರ ಮೀಟಿಂಗಿಗೆ ಬಂದರೆ ಮಾತ್ರ ಈ ಇಳಿಕೆ ಕಣ್ಣಿಗೆ ಕಾಣುವುದಿಲ್ಲ.

ಪಿಂಚಣಿಗೆ ಬಂದ ಮೇಲೆ ನನ್ನ ಸಿಗರೇಟು ಕಡಿಮೆ ಆಗುತ್ತದೆ ಅಂತ ಎಲ್ಲರೂ ಎಣಿಸಿದ್ದರು. ಜಾಸ್ತಿ ಆಯ್ತು. ಸರ್ವಿಸಿನಲ್ಲಿ ಸೇದಲು ಹಾಲ್ಟ್ ಬರಬೇಕಿತ್ತು. ಊರಲ್ಲಿ ಇಡೀ ದಿನವೇ ಹಾಲ್ಟು. ತೋಟಕ್ಕೆ ನೀರು ಬಿಟ್ಟು ಕೂತರೆ ಒಂದು. ಕರೆಂಟು ಹೋದರೆ ಒಂದು. ಬ್ಯಾಂಕಿನಲ್ಲಿ ಟೋಕನ್ ತೆಗೆದುಕೊಂಡು ಹೊರಗೆ ಬಂದರೆ ಒಂದು. ಪಿಂಚಣಿ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ಗೆ ಬದಲಾದ ಮೇಲೆ ಜೀವನ ಪ್ರಮಾಣಪತ್ರಕ್ಕೆ ಅಂತ ಕಾಯುವಾಗ ಎಷ್ಟು ಸೇದಿದೆನೋ ಲೆಕ್ಕ ಇಲ್ಲ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಕಾಸರಗೋಡು ಇಡೀ ದೇಶದ ಬಾಯಲ್ಲಿತ್ತು. ಅಂಗಡಿ ಬಂದ್, ಸಿಗರೇಟಿಲ್ಲ. ಆಗ ಬಿಟ್ಟುಹೋಗಬೇಕಿತ್ತು ಅಲ್ವಾ? ಅಮ್ಮನ ತಡ್ಪೆಯ ಬುಡದಲ್ಲಿ ಎಷ್ಟೋ ವರ್ಷದ ಹಳೇ ಪುಡಿ ಇತ್ತು. ಕಾಗದದಲ್ಲಿ ಸುತ್ತಿ ಸೇದಿದೆ.

ಕೆಮ್ಮು ವರ್ಷಗಳಿಂದ ಇತ್ತು. ಗುಡ್ಡೆಯ ಮೇಲಿನ ಟ್ಯಾಂಕಿಗೆ ಹತ್ತುವಾಗ ನಡುವೆ ನಿಲ್ಲಬೇಕಾದದ್ದು ಹೊಸತು. ಮಾಜಿ ಸೈನಿಕರ ಪಾಲಿಕ್ಲಿನಿಕ್‌ನಿಂದ ರೆಫರ್ ಮಾಡಿಸಿಕೊಂಡು ಮಂಗಳೂರಿಗೆ ಹೋದೆ. ಅಲ್ಲಿ ಸ್ಪೈರೋಮೆಟ್ರಿ ಮಾಡಿದರು. ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ. ಎದೆ ತುಂಬ ಉಸಿರು ಎಳೆದು ಒಂದೇ ಸಲ ಊದಬೇಕು. ಟೆಕ್ನಿಷಿಯನ್ ಹುಡುಗಿ ನನ್ನ ಮಗಳ ಪ್ರಾಯದವಳು. "ಊದಿ ಅಂಕಲ್, ಊದಿ, ಊದಿ, ಇನ್ನೂ ಇನ್ನೂ ಇನ್ನೂ" ಅಂತ ಕಿರುಚುತ್ತಿದ್ದಳು. ನಮ್ಮ ಡ್ರಿಲ್ ಉಸ್ತಾದರೂ ಅಷ್ಟು ಕಿರುಚಿದವರಲ್ಲ. ಕಣ್ಣು ಕತ್ತಲೆ ಬರುವವರೆಗೆ ಊದಿದೆ. ಪರದೆಯಲ್ಲಿ ಗೆರೆ ಮೇಲೇರಬೇಕಾದಷ್ಟು ಏರಲಿಲ್ಲ.

ಎದೆರೋಗದ ಡಾಕ್ಟರು ಆ ಗೆರೆಯನ್ನು ಬಿಡಿಸಿ ಹೇಳಿದರು. ಒಟ್ಟು ಊದಿದ ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಹೊರಬಂತು ಅನ್ನುವುದೇ ಮುಖ್ಯ. ನೂರರಲ್ಲಿ ಎಪ್ಪತ್ತಕ್ಕಿಂತ ಕಡಿಮೆ ಇದ್ದರೆ ನಾಳಗಳಲ್ಲಿ ಅಡ್ಡಿ ಇದೆ ಅಂತ ಅರ್ಥ. ನನ್ನದು ಸ್ವಲ್ಪ ಕೆಳಗೆ. "ಹೋದದ್ದು ವಾಪಸ್ ಬರುವುದಿಲ್ಲ. ಇನ್ನು ಬೇಗ ಬೇಗ ಹೋಗದ ಹಾಗೆ ಮಾಡಬಹುದು" ಅಂದರು. ನಾನು ಲೇಹ್ ರಸ್ತೆಯ ಮಾತು ತೆಗೆದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಸಿಗರೇಟಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಆ ಎತ್ತರದಲ್ಲಿ ಸಿಗುವ ಆಮ್ಲಜನಕವೇ ಕಡಿಮೆ, ಇದ್ದ ಜಾಗವನ್ನೂ ನಾವು ಹೊಗೆಗೆ ಕೊಟ್ಟಿದ್ದೆವು. ಚಳಿಗೆ ಬಿಸಿ ಆಗುತ್ತದೆ ಅಂತ ಸೇದುತ್ತಿದ್ದೆವಲ್ಲ, ಅದೂ ಸುಳ್ಳಂತೆ. ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಬೆರಳಿಗೆ ರಕ್ತ ಕಡಿಮೆ ಆಗುತ್ತದೆ.

ಬಿಡುತ್ತೇನೆ ಅಂತ ಹೇಳಿ ಬಂದೆ. ಅಷ್ಟರಲ್ಲಿ ದುಬೈಯಿಂದ ಅಕ್ಕನ ಮಗ ಬಂದ.

"ಮಾವ, ಇದು ನೋಡಿ. ಹೊಗೆಯಿಲ್ಲ, ವಾಸನೆಯಿಲ್ಲ, ಬರೀ ಹಬೆ. ಅಲ್ಲಿ ಎಲ್ಲರೂ ಸಿಗರೇಟು ಬಿಟ್ಟು ಇದಕ್ಕೆ ಬಂದಿದ್ದಾರೆ." ಅಂಗೈಯೊಳಗೆ ಹಿಡಿಯುವಷ್ಟು ದೊಡ್ಡ, ನೀಲಿ-ಹಳದಿ ಬಣ್ಣದ ಪ್ಲಾಸ್ಟಿಕ್ ಡಬ್ಬಿ. ವೇಪ್, ಅಂದರೆ ಬ್ಯಾಟರಿಯ ಇ-ಸಿಗರೇಟು. ಎಳೆದರೆ ಕೆಳಗೊಂದು ಸಣ್ಣ ದೀಪ ಮಿನುಗುತ್ತದೆ, ಬಾಯಲ್ಲಿ ಮಾವಿನಹಣ್ಣಿನ ಐಸ್‌ಕ್ಯಾಂಡಿಯ ರುಚಿ. ಗಂಟಲಲ್ಲಿ ಸಿಗರೇಟಿನದೇ ಪೆಟ್ಟು ಬೇಕು ಅಂತ ನಾನು ಜೋರಾಗಿ ಎಳೆದು ಕೆಮ್ಮಿದೆ. ಹೆಂಡತಿ ಒಳಗಿಂದ ಬಂದು ನೋಡಿದಳು. "ಐವತ್ತು ದಾಟಿದವರಿಗೆ ಇದೆಂಥದು, ಮಕ್ಕಳ ಪೀಪಿ?" ಅಂದಳು.

ಒಂದು ಮಾತು ಒಪ್ಪಬೇಕು. ಮೊದಲ ಕೆಲವು ದಿನ ಸಿಗರೇಟಿನ ನೆನಪೇ ಬರಲಿಲ್ಲ. ಅಂಗಿಯ ವಾಸನೆ ಹೋಯಿತು. ಸಂಘದ ಮೀಟಿಂಗಿಗೆ ಒಯ್ದೆ, ಕೈಯಿಂದ ಕೈಗೆ ಹೋಯಿತು. ಆವತ್ತು ಬಂದ ಮಾತುಗಳನ್ನು ಬರೆದಿಟ್ಟುಕೊಳ್ಳಬೇಕಿತ್ತು. "ನೀರಿನ ಹಬೆ, ಶೀತಕ್ಕೆ ಹಬೆ ತೆಗೆದುಕೊಂಡ ಹಾಗೆ" ಅಂದರು ಒಬ್ಬರು. "ಇದು ಹೆಂಗಸರದ್ದು, ಫೌಜಿ ಸೇದುವುದಾದರೆ ಬೆಂಕಿ ಇರಬೇಕು" ಅಂದರು ಇನ್ನೊಬ್ಬರು. ನೌಕಾಪಡೆಯಿಂದ ಬಂದವರೊಬ್ಬರು ಮಾತ್ರ, "ಚಾರ್ಜರ್ ಇಲ್ಲದೆ ನಡೆಯದ ಚಟ ನನಗೆ ಬೇಡ" ಅಂತ ವಾಪಸ್ ಕೊಟ್ಟರು. ಕಾಞಂಗಾಡಿನ ಸುಬೇದಾರ್ ಸಾಬ್ ಮುಟ್ಟಲೇ ಇಲ್ಲ. ಅವರದ್ದು ಖೈನಿ. ಖೈನಿ ಇಟ್ಟುಕೊಳ್ಳುವವರು ತಾವು ತಂಬಾಕಿನ ಲೆಕ್ಕದಲ್ಲೇ ಬರುವುದಿಲ್ಲ ಅಂತ ನಂಬಿದ್ದಾರೆ. "ನಾನು ಸೇದುವುದಿಲ್ಲ ಹವಾಲ್ದಾರ್" ಅನ್ನುವಾಗ ಕೆಳದುಟಿಯ ಒಳಗೆ ಉಬ್ಬು ಕಾಣುತ್ತಿತ್ತು.

ವೇಪಿನ ತೊಂದರೆ ನನಗೆ ಅರ್ಥವಾದದ್ದು ಒಂದು ರಾತ್ರಿ ಟಿವಿ ನೋಡುವಾಗ. ಸಿಗರೇಟಿಗೆ ಒಂದು ಕೊನೆ ಇದೆ. ಬೂದಿಯಾಗುತ್ತದೆ, ಬಿಸಾಡುತ್ತೇವೆ, ಒಳಗೆ ಬರುತ್ತೇವೆ. ಇದಕ್ಕೆ ಕೊನೆಯೇ ಇಲ್ಲ. ಹೊರಗೆ ಹೋಗುವುದೂ ಬೇಡ. ಹಾಸಿಗೆಯಲ್ಲಿ, ಬಚ್ಚಲಲ್ಲಿ, ಬಸ್ಸಿನ ಕೊನೆಯ ಸೀಟಿನಲ್ಲಿ. ಜೇಬಿನಿಂದ ತೆಗೆದು ಎರಡು ಎಳೆದು ಇಡುವುದು. ಮತ್ತೆ ಮಾತ್ರ ಗೊತ್ತಾಗುವುದು ಕೈ ಅಲ್ಲಿಗೇ ಹೋಗಿದೆ ಅಂತ. ಹಾಲ್ಟಿಗೆ ಕಾಯುವ ಅಭ್ಯಾಸವೊಂದು ನನ್ನನ್ನು ಅಷ್ಟಿಷ್ಟು ಹಿಡಿದಿಟ್ಟಿತ್ತು, ಅದೂ ಹೋಯಿತು.

ಡಬ್ಬಿಯನ್ನು ಡಾಕ್ಟರಿಗೆ ತೋರಿಸಿದೆ. ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಅವರು ಕನ್ನಡಕ ಏರಿಸಿ ಓದಿದರು. ಒಂದು ಎಂಎಲ್‌ನಲ್ಲಿ 20 ಮಿಲಿಗ್ರಾಂ ನಿಕೋಟಿನ್, ಒಳಗೆ 10 ಎಂಎಲ್. ಒಟ್ಟು 200 ಮಿಲಿಗ್ರಾಂ. ಒಂದು ಸಿಗರೇಟಿನಿಂದ ಮೈಗೆ ಸೇರುವುದು ಸುಮಾರು ಒಂದರಿಂದ ಎರಡು ಮಿಲಿಗ್ರಾಂ. "ಎಲ್ಲವೂ ಮೈಗೆ ಹೋಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ, ಆದರೂ ಜೇಬಿನಲ್ಲಿ ಎಷ್ಟು ಪ್ಯಾಕೆಟ್ ಇಟ್ಟುಕೊಂಡು ತಿರುಗುತ್ತಿದ್ದೀರಿ ನೋಡಿ" ಅಂದರು. ಹಬೆ ಅನ್ನುವುದು ನೀರಿನದ್ದಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆಯ ರಾಸಾಯನಿಕ. ಸಿಗರೇಟಿನಲ್ಲಿ ಇರುವಷ್ಟು ಟಾರ್ ಇಲ್ಲ, ಸುಡುವುದಿಲ್ಲವಾದ್ದರಿಂದ ಕಾರ್ಬನ್ ಮೊನಾಕ್ಸೈಡ್ ಇಲ್ಲದ ಹಾಗೇ. ಇಂಗ್ಲೆಂಡಿನಲ್ಲಿ 2023ರಲ್ಲಿ ಸರ್ಕಾರವೇ ಸಿಗರೇಟು ಬಿಡುವವರಿಗೆ ವೇಪ್ ಕಿಟ್ ಕೊಡುವ ಯೋಜನೆ ಮಾಡಿತು. ಇದನ್ನೆಲ್ಲ ಅವರು ಮುಚ್ಚಿಡಲಿಲ್ಲ. ಅಮೆರಿಕದಲ್ಲಿ 2019ರಲ್ಲಿ ವೇಪ್ ಸೇದಿದವರ ಶ್ವಾಸಕೋಶ ಕೆಟ್ಟು 2020ರ ಫೆಬ್ರವರಿಯೊಳಗೆ 68 ಜನ ಸತ್ತದ್ದನ್ನೂ ಹೇಳಿದರು. ಅದರಲ್ಲಿ ಹೆಚ್ಚಿನವು ಗಾಂಜಾದ ಅಂಶ ಇದ್ದ ಎಣ್ಣೆಗೆ ವಿಟಮಿನ್ ಇ ಅಸಿಟೇಟ್ ಬೆರೆಸಿದ್ದರಿಂದ ಆದದ್ದು ಅಂತಲೂ ಸೇರಿಸಿದರು. ಹೆದರಿಸಿ ಬಿಡಿಸುವ ಡಾಕ್ಟರಲ್ಲ ಅವರು. ಅದಕ್ಕೇ ಅವರ ಮಾತು ನನಗೆ ಹಿಡಿಸಿದ್ದು.

ಆಮೇಲೆ ಕಾನೂನು. ನಮ್ಮಲ್ಲಿ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಕಾಯ್ದೆ. ಇ-ಸಿಗರೇಟು ತಯಾರಿಸುವುದು, ಹೊರಗಿನಿಂದ ತರುವುದು, ಮಾರುವುದು, ಸಾಗಿಸುವುದು ಎಲ್ಲ ನಿಷೇಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ದುಬೈಯಲ್ಲಿ ಅದೇ ವರ್ಷ ಏಪ್ರಿಲಿನಲ್ಲಿ ಅದು ಕಾನೂನುಬದ್ಧ ಆಗಿತ್ತು. ಅಲ್ಲಿ ಸೂಪರ್ ಮಾರ್ಕೆಟಿನಲ್ಲಿ ಸಿಗುವುದನ್ನು ಹುಡುಗರು ಪೆಟ್ಟಿಗೆಯಲ್ಲಿ ಚಾಕಲೇಟಿನ ಜೊತೆ ಹಾಕಿಕೊಂಡು ಬರುತ್ತಾರೆ, ತಪ್ಪು ಅಂತಲೇ ಗೊತ್ತಿರುವುದಿಲ್ಲ. ಗಲ್ಫ್ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಎಷ್ಟಿದೆ ಹೇಳಿ? ಅಳಿಯನಿಗೆ ಫೋನ್ ಮಾಡಿ ಇನ್ನು ತರಬೇಡ ಅಂದೆ. ಅವನಿಗೆ ಬೇಸರ ಆಯ್ತು.

ಈಗ ಬಿಟ್ಟ ವಿಷಯ. ಸಿಗರೇಟು ಪ್ಯಾಕೆಟಿನ ಮೇಲೆ ಹಾಳಾದ ಬಾಯಿಯ ಚಿತ್ರದ ಕೆಳಗೆ ಒಂದು ನಂಬರ್ ಇರುತ್ತದೆ, 1800-11-2356. ಸಾವಿರಾರು ಸಲ ಕೈಯಲ್ಲಿ ಹಿಡಿದಿದ್ದೇನೆ, ಓದಿರಲಿಲ್ಲ. ತಂಬಾಕು ಬಿಡುವವರಿಗೆ ಸಹಾಯ ಮಾಡುವ ರಾಷ್ಟ್ರೀಯ ಕ್ವಿಟ್‌ಲೈನ್. 2016ರಲ್ಲಿ ದೆಹಲಿಯಲ್ಲಿ ಶುರುವಾದದ್ದು, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಒಂದು ಕೇಂದ್ರ ಮಾಡಿದರು. ಹಾಗಾಗಿ ದಕ್ಷಿಣದ ಭಾಷೆಗಳಲ್ಲಿ ಮಾತಾಡುವವರು ಸಿಗುತ್ತಾರೆ. ದುಡ್ಡಿಲ್ಲ. ನನಗೆ ಸಿಕ್ಕವರು ಕನ್ನಡದ ಹೆಣ್ಣುಮಗಳು. ನಾನು ಮಾಜಿ ಸೈನಿಕ ಅಂದೆ, ಇನ್ನೇನು "ಮನಸ್ಸು ಗಟ್ಟಿ" ಬರುತ್ತದೆ ಅಂತ ಕಾದೆ. ಬರಲಿಲ್ಲ. "ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಹೊತ್ತಿಸುತ್ತೀರಿ ಸಾರ್?" ಅಂತ ಕೇಳಿದರು.

ಇದು ಫಾಗರ್‌ಸ್ಟ್ರಾಂ ಅನ್ನುವ ಆರು ಪ್ರಶ್ನೆಗಳ ಪಟ್ಟಿಯಂತೆ. ಎದ್ದು ಎಷ್ಟು ನಿಮಿಷಕ್ಕೆ, ದಿನಕ್ಕೆ ಎಷ್ಟು, ಸೇದಬಾರದ ಜಾಗದಲ್ಲಿ ತಡೆದುಕೊಳ್ಳಲು ಕಷ್ಟವಾ, ಯಾವ ಸಿಗರೇಟು ಬಿಡುವುದು ಎಲ್ಲಕ್ಕಿಂತ ಕಷ್ಟ, ಬೆಳಗ್ಗೆ ಹೊತ್ತು ಜಾಸ್ತಿಯಾ, ಜ್ವರ ಬಂದು ಮಲಗಿದ್ದರೂ ಸೇದುತ್ತೀರಾ. ಹತ್ತಕ್ಕೆ ಏಳು ಬಂತು ನನಗೆ. ಅದನ್ನು ಡಾಕ್ಟರಿಗೂ ಹೇಳಿದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂ ನಿಕೋಟಿನ್ ಇರುವ, ಸಿಗರೇಟು ಬಿಡಿಸಲು ಕೊಡುವ ಗಮ್, ಉಳಿದವರಿಗೆ 2. ಎರಡರದ್ದು ಮೆಡಿಕಲಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ನಾಲ್ಕರದ್ದಕ್ಕೆ ಚೀಟಿ ಬೇಕು. ನನಗೆ ಬರೆದುಕೊಟ್ಟದ್ದು ನಾಲ್ಕು.

ಗಮ್ ಪರೀಕ್ಷಿಸಿ "ಏನೂ ಪ್ರಯೋಜನ ಇಲ್ಲ" ಅಂತ ಹೇಳುವವರಲ್ಲಿ ಹೆಚ್ಚಿನವರು ಅದನ್ನು ಬಬಲ್ ಗಮ್ಮಿನ ಹಾಗೆ ಜಗಿದವರು. ಹಾಗೆ ಜಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಬಿಕ್ಕಳಿಕೆ, ಎದೆ ಉರಿ ಬರುತ್ತದೆ, ಚಪಲ ಮಾತ್ರ ಹಾಗೇ ಉಳಿಯುತ್ತದೆ. ಮೆಲ್ಲಗೆ ಜಗಿಯಬೇಕು. ಕಾಳುಮೆಣಸು ಕಚ್ಚಿದ ಹಾಗೆ ಬಾಯಲ್ಲಿ ಚುರುಚುರು ಶುರುವಾದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿ ಇಡಬೇಕು. ಅಲ್ಲಿಂದ ರಕ್ತಕ್ಕೆ ಹೋಗುವುದು. ಚುರುಚುರು ಕಡಿಮೆ ಆದಾಗ ಮತ್ತೆ ಎರಡು ಜಗಿತ, ಬೇರೆ ಕಡೆ ಇಡುವುದು. ಹೀಗೆ ಅರ್ಧ ಗಂಟೆ. ಸುಬೇದಾರ್ ಸಾಬರ ಖೈನಿಯ ಕ್ರಮವೇ ಅಲ್ವಾ ಇದು ಅಂತ ನನಗೆ ನಗು ಬಂತು. ಕಾಫಿ ಚಹಾ ಕುಡಿದ ಕೂಡಲೇ ಹಾಕಬಾರದು, ಕಾಲು ಗಂಟೆ ಬಿಡಬೇಕು. ಬಾಯಿ ಹುಳಿ ಆದರೆ ನಿಕೋಟಿನ್ ಹೀರುವುದಿಲ್ಲ. ನಮ್ಮಂಥ ಚಹಾದವರಿಗೆ ಇದೇ ದೊಡ್ಡ ಶಿಕ್ಷೆ.

ಆದರೆ ನನ್ನನ್ನು ಬಿಡಿಸಿದ್ದು ಗಮ್ಮಿಗಿಂತ ಅದರ ಟೈಂಟೇಬಲ್. ಮೊದಲ ಆರು ವಾರ ಒಂದು-ಎರಡು ಗಂಟೆಗೊಂದು. ಏಳರಿಂದ ಒಂಬತ್ತನೇ ವಾರ ಎರಡು-ನಾಲ್ಕು ಗಂಟೆಗೊಂದು. ಆಮೇಲೆ ಹನ್ನೆರಡನೇ ವಾರದವರೆಗೆ ನಾಲ್ಕರಿಂದ ಎಂಟು ಗಂಟೆಗೊಂದು. ಚಪಲ ಬಂದಾಗ ಹಾಕುವುದಲ್ಲ, ಹೊತ್ತಿಗೆ ಹಾಕುವುದು. ಈ ಪಟ್ಟಿ ನೋಡಿದ ಕೂಡಲೇ ನನಗೆ ಧೈರ್ಯ ಬಂತು. ಇದು ನನಗೆ ಗೊತ್ತಿರುವ ಕೆಲಸ. ಡ್ಯೂಟಿ ರೋಸ್ಟರಿನ ಹಾಗೆ ಹಾಳೆಗೆ ಗೆರೆ ಎಳೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಬಿಡುವ ದಿನ ಯಾವುದು ಅಂತ ಕ್ವಿಟ್‌ಲೈನಿನವರೇ ಕೇಳಿ ಬರೆದುಕೊಂಡರು. ಆ ದಿನಕ್ಕೆ ಸರಿಯಾಗಿ ಫೋನ್ ಮಾಡಿದರು. ಆಮೇಲೂ ಮಾಡುತ್ತಿದ್ದರು. ಹೇಳಿದ ದಿನಕ್ಕೆ ರಿಪೋರ್ಟ್ ಕೊಡಬೇಕು ಅಂದರೆ ನಾವು ಕೊಡುವವರೇ. ಹೆಂಡತಿಗೆ ಗಾರ್ಡ್ ಕಮಾಂಡರ್ ಕೆಲಸ ಸಿಕ್ಕಿತು. ಗಮ್ಮಿನ ಸ್ಟ್ರಿಪ್ ಅವಳ ಕೈಯಲ್ಲಿ, ಹೊತ್ತಿಗೆ ಸರಿಯಾಗಿ ಒಂದು ಕೊಡುವುದು. "ಸಹಿ ಹಾಕ್ಬೇಕಾ?" ಅಂತ ಕೇಳುತ್ತಿದ್ದಳು.

ಮೊದಲ ವಾರ ಚೆನ್ನಾಗಿರಲಿಲ್ಲ. ನಿದ್ದೆ ಇಲ್ಲ, ಮಲಬದ್ಧತೆ, ಸುಮ್ನೆ ಸುಮ್ನೆ ಸಿಟ್ಟು. ಅಡಿಕೆ ಸುಲಿಯಲು ಬಂದವರ ಮೇಲೆ ರೇಗಿ ಅವರು ಮರುದಿನ ಬರಲಿಲ್ಲ. ಕೆಮ್ಮು ಕಡಿಮೆ ಆಗುವುದರ ಬದಲು ಜಾಸ್ತಿ ಆಯ್ತು. ಉಸಿರುನಾಳದ ಒಳಗಿನ ಸಣ್ಣ ಕೂದಲಿನಂಥವು ಮತ್ತೆ ಕೆಲಸ ಶುರು ಮಾಡಿ ಕಫ ಹೊರಗೆ ತಳ್ಳುವುದಂತೆ ಅದು. ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಚಪಲ ಬಂದರೆ ಐದು ನಿಮಿಷ ತಡೆಯಿರಿ, ನೀರು ಕುಡಿಯಿರಿ, ಉಸಿರು ದೀರ್ಘ ಎಳೆಯಿರಿ, ಕೈಗೆ ಬೇರೆ ಕೆಲಸ ಕೊಡಿ ಅಂತ ಫೋನಿನಲ್ಲಿ ಹೇಳಿದ್ದರು. ಐದು ನಿಮಿಷ ನೋಡಲು ವಾಚ್ ಕಟ್ಟಿದೆ. ನಿಜವಾಗಿ ಇಳಿಯುತ್ತದೆ. ಕೈಗೆ ಕೆಲಸ ಅಂತ ಹಾಲ್ಟುಗಳನ್ನೇ ಬದಲಾಯಿಸಿದೆ. ನೀರು ಬಿಟ್ಟು ಕೂರುವ ಕಲ್ಲಿನ ಹತ್ತಿರ ಕತ್ತಿ, ಒಂದು ರಾಶಿ ತೆಂಗಿನ ಗರಿ ಇಟ್ಟುಕೊಂಡೆ. ಕೂತು ಕಡ್ಡಿ ಹೆರೆಯುವುದು. ನಮ್ಮ ಮನೆಯಲ್ಲಿ ಈಗ ಹಿಡಿಸೂಡಿಗೆ ಬರ ಇಲ್ಲ, ನೆರೆಕರೆಗೂ ಕೊಟ್ಟಾಯ್ತು. ತೂಕ ಮಾತ್ರ ಏರಿತು, ಹಳೇ ಪ್ಯಾಂಟು ಸೊಂಟಕ್ಕೆ ಬರುವುದಿಲ್ಲ.

ಸಂಘದಲ್ಲಿ ಇದನ್ನು ಹೇಳಿದಾಗ ಅರ್ಧ ಜನ ನಕ್ಕರು. ಪ್ರಾಯ ಆದ ಮೇಲೆ ಬಿಟ್ಟು ಏನು ಲಾಭ ಅನ್ನುವುದು ದೊಡ್ಡ ವಾದ. ನಾನು ಡಾಕ್ಟರು ಹೇಳಿದ ಲೆಕ್ಕ ಹೇಳಿದೆ. ಬಿಟ್ಟು ಒಂದು ವರ್ಷಕ್ಕೆ ಹೃದಯದ ರಕ್ತನಾಳದ ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. "ಸಿಯಾಚಿನ್ ಕೊಲ್ಲದವನನ್ನು ಸಿಗರೇಟು ಕೊಲ್ಲುತ್ತದಾ" ಅನ್ನುವುದು ಇನ್ನೊಂದು ವಾದ, ಅದಕ್ಕೆ ಲೆಕ್ಕದಲ್ಲಿ ಉತ್ತರ ಇಲ್ಲ. ಅಮೆರಿಕದ ಸೇನೆಯಲ್ಲಿ ರೇಷನ್ ಪೊಟ್ಟಣದೊಳಗೇ ಸಿಗರೇಟು ಬರುತ್ತಿತ್ತು, 1975ರಲ್ಲಿ ನಿಲ್ಲಿಸಿದರು. ಆದರೂ 2018ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೊಟ್ಟ ವರದಿಯಲ್ಲಿ ಮಾಜಿ ಸೈನಿಕರಲ್ಲಿ ನೂರಕ್ಕೆ ಸುಮಾರು 29 ಜನ ಏನಾದರೊಂದು ತಂಬಾಕು ಬಳಸುತ್ತಿದ್ದರು. ಇದನ್ನು ಓದಿ ಹೇಳಿದೆ. "ನೋಡಿ, ಅವರೂ ನಮ್ಮ ಹಾಗೇ" ಅಂತ ಒಬ್ಬರು ಖುಷಿಪಟ್ಟರು. ನಾನು ಹೇಳಿದ್ದು ಆ ಅರ್ಥದಲ್ಲಲ್ಲ.

ಆವತ್ತು ಊಟ ಮುಗಿದ ಮೇಲೆ ಕಾಞಂಗಾಡಿನ ಸುಬೇದಾರ್ ಸಾಬ್ ನನ್ನನ್ನು ಬದಿಗೆ ಕರೆದರು. ಬಾಯಲ್ಲಿ ಒಳಗಡೆ ಬಿಳಿ ಮಚ್ಚೆ ಇದೆ, ಖಾರ ಊಟ ಉರಿಯುತ್ತದೆ, ಯಾರಿಗೂ ಹೇಳಿಲ್ಲ ಅಂದರು. "ಗಮ್ಮು ಖೈನಿಗೂ ನಡೆಯುತ್ತದಾ?" ನಡೆಯುತ್ತದೆ ಸಾಬ್, ಆದರೆ ಮೊದಲು ಬಾಯಿ ತೋರಿಸಿ ಬರೋಣ ಅಂದೆ. ಬರುವ ಮಂಗಳವಾರಕ್ಕೆ ಅಪಾಯಿಂಟ್‌ಮೆಂಟ್ ಆಗಿದೆ. ಕಾಸರಗೋಡಿನಿಂದ ಬೆಳಗ್ಗಿನ ರೈಲಿಗೆ ಹೋಗುವುದು. ಆರು ಪ್ರಶ್ನೆ ಕೇಳುತ್ತಾರಾ ಅಂತ ನಿನ್ನೆಯೂ ಫೋನ್ ಮಾಡಿದ್ದರು. ಖೈನಿಯವರಿಗೆ ಬೇರೆ ಪ್ರಶ್ನೆ ಇರಬಹುದು, ಸತ್ಯ ಹೇಳಿದರೆ ಸಾಕು ಅಂದೆ. "ಸುಬೇದಾರ್ ಸುಳ್ಳು ಹೇಳುವುದಿಲ್ಲ" ಅಂತ ಫೋನ್ ಇಟ್ಟರು. ಹಾಗಾದರೆ ಡಾಕ್ಟರ ಹತ್ತಿರ ತಂಬಾಕು ಬಳಸುವುದಿಲ್ಲ ಅಂತ ಇಷ್ಟು ವರ್ಷ ಬರೆಸಿದ್ದು ಯಾರು ಅಂತ ಮಂಗಳವಾರ ರೈಲಿನಲ್ಲಿ ಕೇಳಬೇಕು.